ಕೊಟ್ಟ ಮಾತಿನ ಭೂಮಿ

ದೂರದರ್ಶನದ ಧಾರಾವಾಹಿಗಳ ಬಗೆಗೆ ನನಗಿದ್ದ ಅಸಮಾಧಾನ ನಮ್ಮ ಮನೆಮಂದಿಗೆಲ್ಲ ತಿಳಿದ ಸಂಗತಿಯೇ. ಸಂಜೆ ದೀಪ ಹಚ್ಚಿ ಮಕ್ಕಳನ್ನು ಓದಿಗೆ ಕೂರಿಸಬೇಕಾದ ಹೊತ್ತಿನಲ್ಲಿ ಅತ್ತೆ ಸೊಸೆಯರ ಜಗಳವನ್ನು ನಡುಮನೆಗೆ ಕರೆತರುವ ಆ ಪೆಟ್ಟಿಗೆಯನ್ನು ನಾನು ಬಹುಕಾಲ ಸಹಿಸಲಿಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿ ಬೆಳೆದವನಿಗೆ ಕಥೆಯೆಂದರೆ ಹೀಗೇ ಇರಬೇಕೆಂಬ ಹಟವೂ ಒಂದಿಷ್ಟು ಇತ್ತೆನ್ನಬೇಕು. ಅಂತಹ ನಾನು, ಅರವತ್ತು ದಾಟಿದ ಮೇಲೆ, ಭೂಮಿಯ ಇನ್ನೊಂದು ಮಗ್ಗುಲಿನ ಕಾಫಿ ತೋಟವೊಂದರಲ್ಲಿ, ಅರ್ಥವಾಗದ ಭಾಷೆಯ ಧಾರಾವಾಹಿಯೊಂದರ ದೆಸೆಯಿಂದ ಒಂದು ಇಡೀ ರಾತ್ರಿ ನಿದ್ದೆಯಿಲ್ಲದೆ ಕಳೆದೆ. ಆ ರಾತ್ರಿಯ ಕಥೆಯನ್ನು ಓದುಗ ಬಂಧುಗಳ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಬಗೆದು ಈ ಬರಹಕ್ಕೆ ಕೈಹಾಕಿದ್ದೇನೆ.

ನನ್ನ ತಂಗಿಯ ಮಗ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾದಲ್ಲಿ ಉದ್ಯೋಗದಲ್ಲಿದ್ದಾನೆ. "ಮಾವ, ಒಮ್ಮೆ ಬಂದು ಹೋಗಿ, ಇಲ್ಲಿಯೂ ನಮ್ಮ ಊರಿನಂತಹ ಕಾಫಿ ನಾಡು ಇದೆ" ಎಂದು ವರ್ಷಗಳಿಂದ ಕರೆಯುತ್ತಿದ್ದ. ೨೦೨೩ರ ಅಕ್ಟೋಬರಿನಲ್ಲಿ ಕಡೆಗೂ ಹೊರಟೆ. ಬೊಗೋಟಾ ಸಮುದ್ರಮಟ್ಟದಿಂದ ಸುಮಾರು ೨,೬೦೦ ಮೀಟರ್ ಎತ್ತರದಲ್ಲಿರುವ ನಗರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರದಲ್ಲಿ ಒಂದು ಮಹಾನಗರ ನೆಲೆಸಿದೆ ಎಂದರೆ ನಂಬುವುದು ಕಷ್ಟ. ಮೊದಲ ಎರಡು ದಿನ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಹೊರಗೆ ತಣ್ಣನೆಯ ಮಳೆ. ಮನೆಯಲ್ಲಿಯೇ ಕುಳಿತಿದ್ದಾಗ ಅಳಿಯನ ಹೆಂಡತಿ ಸಂಜೆ ನೋಡುತ್ತಿದ್ದ ಧಾರಾವಾಹಿಯೊಂದು ಕಣ್ಣಿಗೆ ಬಿತ್ತು. ಪರದೆಯ ಮೇಲೆ ಕಾಫಿ ಗಿಡಗಳು, ಕೆಂಪು ಹಣ್ಣುಗಳು, ಸೊಂಟಕ್ಕೆ ಬುಟ್ಟಿ ಕಟ್ಟಿದ ಹೆಣ್ಣುಮಗಳು. ಮಲೆನಾಡಿನಲ್ಲಿ ಹುಟ್ಟಿದವನ ಕಣ್ಣು ಅಲ್ಲಿಗೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ಧಾರಾವಾಹಿಯ ಹೆಸರು "ಕಫೆ ಕೊನ್ ಆರೋಮಾ ದೆ ಮುಹೇರ್". ಹೆಣ್ಣಿನ ಕಂಪುಳ್ಳ ಕಾಫಿ ಎಂದು ಅರ್ಥ. ಬರೆದವರು ಬೊಗೋಟಾದ ಫೆರ್ನಾಂದೊ ಗೈತಾನ್. ೧೯೯೪ರಲ್ಲಿ ಆರ್.ಸಿ.ಎನ್. ಸಂಸ್ಥೆ ಇದನ್ನು ಮೊದಲು ನಿರ್ಮಿಸಿತು. ಮಾರ್ಗರಿತಾ ರೋಸಾ ದೆ ಫ್ರಾನ್ಸಿಸ್ಕೊ ಎಂಬ ನಟಿ ನಾಯಕಿಯಾಗಿದ್ದರು. ಮೆಕ್ಸಿಕೊ ದೇಶದವರು ಇದೇ ಕಥೆಯನ್ನು ಎರಡು ಸಲ ತಮ್ಮದಾಗಿ ಮಾಡಿಕೊಂಡರು. ೨೦೦೭ರ ಆವೃತ್ತಿಯಲ್ಲಿ ಕಾಫಿಯ ಬದಲು ಅಲ್ಲಿನ ತೆಕೀಲಾ ಮದ್ಯಕ್ಕೆ ಬಳಸುವ ಕತ್ತಾಳೆ ಜಾತಿಯ ಗಿಡದ ಹೊಲಗಳು ಬಂದವು. ಅದರಲ್ಲಿ ನಾಯಕಿಯಾಗಿದ್ದ ಆಂಹೆಲಿಕಾ ರಿವೇರಾ ಮುಂದೆ ಆ ದೇಶದ ಅಧ್ಯಕ್ಷರ ಪತ್ನಿಯಾದಾಗಲೂ ಜನ ಅವರನ್ನು ಕಥಾನಾಯಕಿಯ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ನಾನು ನೋಡಿದ್ದು ೨೦೨೧ರಲ್ಲಿ ಕೊಲಂಬಿಯಾದಲ್ಲಿಯೇ ಮತ್ತೆ ತಯಾರಾದದ್ದು. ಇದೇ ಗೈತಾನ್ ಬರೆದ ಇನ್ನೊಂದು ಕಥೆ ನಮ್ಮ ದೇಶದಲ್ಲಿ ೨೦೦೩ರಲ್ಲಿ "ಜಸ್ಸಿ ಜೈಸಿ ಕೋಯಿ ನಹೀಂ" ಎಂಬ ಹಿಂದಿ ಧಾರಾವಾಹಿಯಾಗಿ ಮನೆಮಾತಾಯಿತೆಂದು ತಿಳಿದಾಗ, ಈ ದೂರದ ಲೇಖಕ ನಮ್ಮ ಹೊಸ್ತಿಲನ್ನು ಎಂದೋ ದಾಟಿ ಒಳಗೆ ಬಂದಿದ್ದಾನೆ ಎನಿಸಿತು. ಆತ ೨೦೧೯ರಲ್ಲಿ ತೀರಿಕೊಂಡರು.

ಸ್ಪ್ಯಾನಿಷ್ ಭಾಷೆಯ ಜನ ಇಂತಹ ಧಾರಾವಾಹಿಯನ್ನು "ತೆಲೆನೊವೆಲಾ" ಎನ್ನುತ್ತಾರೆ, ಅಂದರೆ ದೂರದರ್ಶನದ ಕಾದಂಬರಿ. ಇದಕ್ಕೊಂದು ಆದಿ, ಒಂದು ಅಂತ್ಯ ಇರುತ್ತದೆ. ವರ್ಷಗಟ್ಟಲೆ ಎಳೆಯುತ್ತಲೇ ಹೋಗುವ ಜಾಯಮಾನ ಇದರದಲ್ಲ. ಇದರ ಬೇರನ್ನು ಹುಡುಕಿದರೆ ಕ್ಯೂಬಾ ದ್ವೀಪಕ್ಕೆ ಹೋಗಬೇಕಾಗುತ್ತದೆ. ೧೮೬೫ರ ಹೊತ್ತಿಗೆ ಅಲ್ಲಿಯ ಹೊಗೆಸೊಪ್ಪಿನ ಕಾರ್ಖಾನೆಗಳಲ್ಲಿ ಒಬ್ಬನು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುವುದು, ಕೂಲಿಯವರು ಚುಟ್ಟ ಸುತ್ತುತ್ತ ಕೇಳುವುದು ರೂಢಿಗೆ ಬಂದಿತು. ಮುಂದೆ ಬಾನುಲಿ ಬಂದಾಗ ೧೯೪೮ರಲ್ಲಿ ಫೆಲಿಕ್ಸ್ ಕೈಗ್ನೆತ್ ಎಂಬಾತ ಬರೆದ "ಹುಟ್ಟುವ ಹಕ್ಕು" ಎಂಬರ್ಥದ ಕಥೆ ಆ ಖಂಡವನ್ನೆಲ್ಲ ಅಳಿಸಿತು. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣ ಹೇಳಿ ಅಭ್ಯಾಸವಿದ್ದ ನನಗೆ ಈ ಸಂಗತಿ ಕೇಳಿ ಸಂಕೋಚವಾಯಿತು. "ನಾಳೆ ಮುಂದಿನ ಸಂಧಿ" ಎಂದು ಕುತೂಹಲದ ತುದಿಯಲ್ಲಿ ಗ್ರಂಥ ಮುಚ್ಚುವ ವಿದ್ಯೆ ನಾವೂ ಬಲ್ಲದ್ದೇ ಅಲ್ಲವೆ? ೧೯೮೪ರಲ್ಲಿ ನಮ್ಮ ದೂರದರ್ಶನ ತಂದ "ಹಮ್ ಲೋಗ್" ಕೂಡ, ಧಾರಾವಾಹಿಯ ಮೂಲಕ ಸಾಕ್ಷರತೆಯನ್ನೂ ಕುಟುಂಬ ಯೋಜನೆಯನ್ನೂ ಬೋಧಿಸಿದ್ದ ಮೆಕ್ಸಿಕೊದ ಮಿಗೆಲ್ ಸಬಿದೊ ಅವರ ಪ್ರಯೋಗಗಳಿಂದ ಸ್ಫೂರ್ತಿ ಪಡೆದದ್ದೇ. ನಾನು ಹೀಗಳೆದಿದ್ದ ವಸ್ತುವಿಗೂ ನನ್ನ ವ್ಯಾಸಪೀಠಕ್ಕೂ ನಂಟಿದೆಯೆಂದು ಒಪ್ಪಿಕೊಂಡು, ಆ ಕಥೆ ನಡೆಯುವ ನಾಡನ್ನೇ ನೋಡೋಣವೆಂದು ಅಳಿಯನಿಗೆ ಹೇಳಿದೆ.

ಬೊಗೋಟಾದಿಂದ ಪಶ್ಚಿಮಕ್ಕೆ ಪೆರೈರಾ ಎಂಬ ಊರಿಗೆ ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಂದ ಉತ್ತರಕ್ಕೆ ಬೆಟ್ಟದ ದಾರಿ ಹಿಡಿದರೆ ಚಿಂಚಿನಾ, ಅದರಾಚೆ ಮನಿಸಾಲೆಸ್. ಕಾಲ್ದಾಸ್, ರಿಸರಾಲ್ದಾ, ಕಿಂದಿಯೊ ಎಂಬ ಮೂರು ಪ್ರಾಂತಗಳು ಈ ಕಾಫಿ ನಾಡಿನ ಹೃದಯ. ೨೦೧೧ರಲ್ಲಿ ಯುನೆಸ್ಕೊ ಇಲ್ಲಿಯ ಕಾಫಿ ಸೀಮೆಯನ್ನು ವಿಶ್ವ ಪರಂಪರೆಯ ತಾಣವೆಂದು ಮನ್ನಿಸಿತು. ಅರಮನೆಯನ್ನೋ ದೇಗುಲವನ್ನೋ ಅಲ್ಲ, ರೈತರು ದುಡಿಯುತ್ತಿರುವ ಇಳಿಜಾರನ್ನೇ ಮನ್ನಿಸಿತೆಂಬುದು ಗಮನಿಸತಕ್ಕ ಮಾತು.

ನಮ್ಮ ಚಿಕ್ಕಮಗಳೂರಿನ ಕಡೆಯ ತೋಟವೆಂದರೆ ಕಾಡಿನೊಳಗಿನ ತೋಟ. ಅತ್ತಿ, ಹಲಸು, ಸಿಲ್ವರ್ ಮರಗಳ ನೆರಳು, ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಲ್ಲಿ ಬಹುಪಾಲು ಕಡೆ ನೆರಳೇ ಇಲ್ಲ. ಗೋಡೆಯಂತೆ ಕಡಿದಾದ ಬೆಟ್ಟದ ಮೈಗೆ ಗಿಡಗಳು ಬಿಸಿಲಿಗೆ ಬೆನ್ನೊಡ್ಡಿ ಸಾಲುಗಟ್ಟಿ ನಿಂತಿವೆ; ನಡುನಡುವೆ ಬಾಳೆ, ಬಿದಿರಿನ ಮೆಳೆ. ವರ್ಷದಲ್ಲಿ ಎರಡು ಕುಯ್ಲು: ಅಕ್ಟೋಬರಿನ ಸುಮಾರಿಗೆ ದೊಡ್ಡದು, ಏಪ್ರಿಲ್ ಹೊತ್ತಿಗೆ ಸಣ್ಣದು. ಒಂದೇ ರೆಂಬೆಯಲ್ಲಿ ಹೂವು, ಹಸಿರು ಕಾಯಿ, ಕೆಂಪು ಹಣ್ಣು ಮೂರನ್ನೂ ಒಟ್ಟಿಗೆ ಕಂಡು ನಾನು ಬೆರಗಾದೆ. ಸುಮಾರು ಐದು ಲಕ್ಷಕ್ಕೂ ಮಿಕ್ಕಿದ ಕುಟುಂಬಗಳು ಆ ದೇಶದಲ್ಲಿ ಕಾಫಿ ಬೆಳೆಯುತ್ತವೆ; ಹೆಚ್ಚಿನವರು ಸಣ್ಣ ಹಿಡುವಳಿಯವರು. ೧೯೨೭ರಲ್ಲಿಯೇ ಅವರು ಒಂದು ಮಹಾಒಕ್ಕೂಟ ಕಟ್ಟಿಕೊಂಡರು. ಬಾಳೆಹೊನ್ನೂರಿನಲ್ಲಿ ನಮ್ಮ ಕಾಫಿ ಸಂಶೋಧನಾ ಕೇಂದ್ರವಿರುವಂತೆ ಚಿಂಚಿನಾದಲ್ಲಿ ೧೯೩೮ರಿಂದ ಅವರದೊಂದು ಇದೆ.

ಚಿಂಚಿನಾದ ಹೊರವಲಯದಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಒಂದು ಹಳೆಯ ತೋಟದ ಮನೆಯಲ್ಲಿ ನಾವು ಇಳಿದೆವು. ಬಿದಿರು, ಮಣ್ಣಿನ ಗೋಡೆ, ಹೆಂಚಿನ ಮಾಡು, ಸುತ್ತಲೂ ಕೆಂಪು ಬಣ್ಣ ಬಳಿದ ಮರದ ಕಟಾಂಜನ. ಮನೆಯೊಡತಿಗೆ ಎಪ್ಪತ್ತು ದಾಟಿದ ಪ್ರಾಯ. ಅಂತಹ ಹಿರಿಯರನ್ನು ಅಲ್ಲಿ "ದೋನ್ಯಾ" ಎನ್ನುತ್ತಾರೆ. ನಮ್ಮಲ್ಲಿ "ಅಮ್ಮನವರು" ಎಂದಂತೆ. ನಾನು ಮಾಂಸ ತಿನ್ನುವವನಲ್ಲ ಎಂದು ಅಳಿಯ ಹೇಳಿದಾಗ ಆಕೆ ಗಾಬರಿಯಾದರೂ, ಜೋಳದ ರೊಟ್ಟಿ, ಹುರುಳಿಕಾಯಿ ಬೀಜದ ಪಲ್ಯ, ಹುರಿದ ಬಾಳೆಕಾಯಿ ಮುಂದಿಟ್ಟು ಉಪಚರಿಸಿದರು. ಆ ರೊಟ್ಟಿ ಮುಸುಕಿನ ಜೋಳದ್ದು, ನಮ್ಮದಕ್ಕಿಂತ ದಪ್ಪ. ಬಳಿಕ ಬಂದ ಕಾಫಿಯನ್ನು ಒಂದು ಗುಟುಕು ಕುಡಿದವನು ಹಾಗೆಯೇ ನಿಂತೆ. ಅದರಲ್ಲಿ ಇದ್ದದ್ದು ಸಕ್ಕರೆಯಲ್ಲ, ಬೆಲ್ಲ! ಅವರು ಅದನ್ನು "ಪನೇಲಾ" ಎನ್ನುತ್ತಾರೆ. ನನ್ನ ತಾಯಿ ಒಲೆಯ ಮುಂದೆ ಕುಳಿತು ಸೋಸಿ ಕೊಡುತ್ತಿದ್ದ ಬೆಲ್ಲದ ಕಾಫಿಯ ರುಚಿ ಐವತ್ತು ವರ್ಷಗಳ ಬಳಿಕ ನಾಲಿಗೆಗೆ ಮರಳಿತು.

ಮರುದಿನ ತೋಟ ಸುತ್ತಿದೆವು. ಹಣ್ಣು ಕುಯ್ಯುವವರಲ್ಲಿ ಅನೇಕರು ಕುಯ್ಲಿನ ಬೆನ್ನು ಹತ್ತಿ ಪ್ರಾಂತದಿಂದ ಪ್ರಾಂತಕ್ಕೆ ಅಲೆಯುವವರು. ಕೂಲಿ ಕಿಲೋ ಲೆಕ್ಕದಲ್ಲಿ. ಪಳಗಿದ ಕೈಯವರು ದಿನಕ್ಕೆ ನೂರು ಕಿಲೋ ದಾಟಿಸುವುದೂ ಉಂಟು. ಅವರು ಮಲಗಲು ತೋಟದ ಮೂಲೆಯಲ್ಲಿ ಉದ್ದನೆಯ ಒಂದು ಕಟ್ಟಡ, ಸಾಲು ಮಂಚಗಳು. ಅದರ ಬಾಗಿಲಲ್ಲಿ ನಿಂತಾಗ ನಮ್ಮ ತೋಟದ ಲೈನ್ ಮನೆಗಳೇ ಕಣ್ಣಮುಂದೆ ಬಂದವು. ಸಂಜೆ ತೂಕದ ಹೊತ್ತಿಗೆ ಹೆಂಗಸೊಬ್ಬಳು ತಕ್ಕಡಿಯ ಮುಳ್ಳನ್ನೇ ನೆಟ್ಟ ನೋಟದಿಂದ ನೋಡುತ್ತ ನಿಂತಿದ್ದಳು. ಆ ನೋಟಕ್ಕೆ ಭಾಷೆಯ ಹಂಗಿಲ್ಲ.

ಈ ನೆಲದ ಇತಿಹಾಸವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದ ಆಂತಿಯೊಕಿಯಾ ಪ್ರಾಂತದ ಬಡಕುಟುಂಬಗಳು ಕೊಡಲಿ ಹಿಡಿದು ಬಂದು ಈ ಕಾಡುಬೆಟ್ಟಗಳಲ್ಲಿ ಬೇಸಾಯ ಹೂಡಿದವು. ೧೮೪೯ರಲ್ಲಿ ಮನಿಸಾಲೆಸ್ ಹುಟ್ಟಿತು. ಆದರೆ ಆ ಕಾಡು ತಮ್ಮದೆಂದು ಸ್ಪೇನಿನ ದೊರೆಗಳ ಕಾಲದ ದಾನಪತ್ರ ಹಿಡಿದುಕೊಂಡವರು ಬೇರೆಯೇ ಇದ್ದರು. ಕಾಗದದ ಹಕ್ಕಿಗೂ ಬೆವರಿನ ಹಕ್ಕಿಗೂ ದಶಕಗಳ ಕಾಲ ಜಗಳ ನಡೆಯಿತು. ೧೯೩೬ರ ೨೦೦ನೆಯ ಕಾಯಿದೆ ಉಳುವವನ ಕಡೆಗೆ ಒಂದಿಷ್ಟು ಮುಖ ಮಾಡಿತು. ನಿಸರ್ಗವೂ ಈ ಜನರನ್ನು ಸುಮ್ಮನೆ ಬಿಡಲಿಲ್ಲ. ೧೯೮೫ರ ನವೆಂಬರ್ ೧೩ರ ರಾತ್ರಿ ನೆವಾದೊ ದೆಲ್ ರುಯಿಸ್ ಎಂಬ ಹಿಮಾವೃತ ಜ್ವಾಲಾಮುಖಿ ಸಿಡಿದು, ಕರಗಿದ ಹಿಮದೊಂದಿಗೆ ಹರಿದ ಕೆಸರು ಆರ್ಮೆರೊ ಎಂಬ ಪಟ್ಟಣವನ್ನು ಹೂಳಿತು. ಚಿಂಚಿನಾದ ಹೊಳೆಯಲ್ಲಿಯೂ ಕೆಸರಿನ ಪ್ರವಾಹ ಬಂದು ಜನ ಸತ್ತರು. ಎಲ್ಲ ಸೇರಿ ೨೩,೦೦೦ ಮಂದಿಯ ಸುಮಾರಿಗೆ ಪ್ರಾಣ ಹೋಯಿತು. ೧೯೮೯ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದು ಬೆಲೆ ನೆಲ ಕಚ್ಚಿತು. ಧಾರಾವಾಹಿ ಬಂದದ್ದು ಆ ಕಷ್ಟದ ಬೆನ್ನಲ್ಲಿ. ಅದೇ ೧೯೯೪ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದುದರಿಂದ ಲೋಕದಲ್ಲೆಲ್ಲ ಬೆಲೆ ಏರಿತು. ನಮ್ಮ ಮಲೆನಾಡಿನ ಬೆಳೆಗಾರರಿಗೂ ಆ ವರ್ಷ ಮರೆಯುವಂತಹುದಲ್ಲ.

ರಾತ್ರಿ ಊಟವಾದ ಮೇಲೆ ಕಟಾಂಜನದ ಬಳಿ ಕುಳಿತು ನಾನೇ ಮಾತು ತೆಗೆದೆ. ದೋನ್ಯಾ ಅವರ ಮುಖ ಅರಳಿತು. ೧೯೯೪ರಲ್ಲಿ ಅವರ ಮನೆಯಲ್ಲಿ ಒಂದೇ ಟೀವಿ. ಧಾರಾವಾಹಿಯ ಹೊತ್ತಿಗೆ ಯಜಮಾನರು ಕುರ್ಚಿಯಲ್ಲಿ, ಕೂಲಿಯವರು ನೆಲದಲ್ಲಿ, ಎಲ್ಲರೂ ಒಂದೇ ಕೋಣೆಯಲ್ಲಿ ಕೂಡುತ್ತಿದ್ದರಂತೆ. ಅವರು ಹೇಳಿದ ಕಥೆಯನ್ನು ಅಳಿಯ ಕನ್ನಡಕ್ಕೆ ತಿರುಗಿಸುತ್ತ ಹೋದ.

ಗವಿಯೋತಾ ಎಂಬುದು ನಾಯಕಿಯ ಅಡ್ಡಹೆಸರು; ಕಡಲಹಕ್ಕಿ ಎಂದರ್ಥ. ತಾಯಿ ಕಾರ್ಮೆನ್ಸಾಳೊಂದಿಗೆ ಊರೂರು ಅಲೆದು ಹಣ್ಣು ಕುಯ್ಯುವವಳು. ಪ್ರತಿ ವರ್ಷ ಕುಯ್ಲಿಗೆ ಅವರು "ಕಾಸಾಬ್ಲಾಂಕಾ" ಎಂಬ ದೊಡ್ಡ ತೋಟಕ್ಕೆ ಬರುತ್ತಾರೆ. ಅದರ ಹಿರಿಯ ಯಜಮಾನ ಒಕ್ತಾವಿಯೊ ವಯೇಹೊ. ಹಿಂದೊಮ್ಮೆ ಆತನನ್ನು ಅಪಹರಿಸಲು ದುಷ್ಟರು ಬಂದಾಗ ಉಳಿಸಿದವಳು ಈ ಹುಡುಗಿಯೇ. ಅದಕ್ಕೆ ಪ್ರತಿಯಾಗಿ ಒಂದು ತುಂಡು ಭೂಮಿ ಕೊಡುವೆನೆಂದು ಆತ ಮಾತು ಕೊಟ್ಟಿರುತ್ತಾನೆ. ಆ ನೆಲದ ಕನಸನ್ನು ಹೊತ್ತು ತಾಯಿ ಮಗಳು ಬರುವ ಹೊತ್ತಿಗೆ ಮುದುಕ ಕಣ್ಮುಚ್ಚಿರುತ್ತಾನೆ. ಅಂತ್ಯಕ್ರಿಯೆಗೆ ವಿದೇಶದಿಂದ ಬಂದ ಮೊಮ್ಮಗ ಸೆಬಾಸ್ತಿಯಾನ್ ಈಕೆಯನ್ನು ಕಂಡು ಮನಸೋಲುತ್ತಾನೆ. ಮುಂದೆ ಅಗಲಿಕೆ, ಮೋಸ, ಆತನಿಗೆ ಬೇರೊಂದು ಮದುವೆ. ಈಕೆ ಹೆಸರು ಬದಲಿಸಿಕೊಂಡು ಆ ಮನೆತನದ್ದೇ ಕಾಫಿ ರಫ್ತು ಸಂಸ್ಥೆಯಲ್ಲಿ ಸಣ್ಣ ಕೆಲಸಕ್ಕೆ ಸೇರಿ ವ್ಯಾಪಾರದ ಮರ್ಮ ಕಲಿತು ಮೇಲೇರುವುದು. ಯಜಮಾನಿಕೆಗಾಗಿ ದಾಯಾದಿಗಳ ಹೊಡೆದಾಟ. ಕೊನೆಗೆ ಪ್ರೇಮಿಗಳ ಮಿಲನ.

"ಈ ಕಥೆಗಳಲ್ಲೆಲ್ಲ ಉಯಿಲು ಏಕೆ ಬರುತ್ತದೆ?" ಎಂದು ಕೇಳಿದೆ. ಆಕೆ ನಕ್ಕರು. ಆ ದೇಶದ ಕಾನೂನಿನಲ್ಲಿ ತಂದೆ ತನ್ನ ಆಸ್ತಿಯನ್ನೆಲ್ಲ ಮನಬಂದವರಿಗೆ ಬರೆದುಕೊಡುವಂತಿಲ್ಲ. ಮಕ್ಕಳಿಗೆ ಕಡ್ಡಾಯವಾಗಿ ಸಲ್ಲಬೇಕಾದ ಭಾಗವೊಂದಿದೆ. ಮೊದಲು ತನ್ನಿಚ್ಛೆಯಂತೆ ಯಾರಿಗೆ ಬೇಕಾದರೂ ಕೊಡಲು ಕಾಲುಭಾಗಕ್ಕೆ ಮಾತ್ರ ಅವಕಾಶವಿತ್ತು. ೨೦೧೮ರ ಕಾಯಿದೆ ಅದನ್ನು ಅರ್ಧಕ್ಕೆ ಏರಿಸಿತು. ಮದುವೆಯಾಚೆ ಹುಟ್ಟಿದ ಮಕ್ಕಳಿಗೂ ಸಮಪಾಲೆಂದು ೧೯೮೨ರಲ್ಲಿಯೇ ನಿಯಮವಾಯಿತು. ಇಷ್ಟು ಗೆರೆ ಎಳೆದಿರುವುದರಿಂದಲೇ ಮಗ ಯಾರು, ಮೊಮ್ಮಗ ಯಾರು ಎಂಬುದು ಕಥೆಗಾರನಿಗೆ ಬಂಗಾರದ ಗಣಿ. ಆಮೇಲೆ ದೋನ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇದು: "ಎಲ್ಲರೂ ಇದನ್ನು ಪ್ರೇಮದ ಕಥೆ ಎನ್ನುತ್ತಾರೆ. ನಮ್ಮ ನೆಲದ ಮೇಲೆ ಕುಳಿತು ನೋಡುತ್ತಿದ್ದ ಕೂಲಿಯವರು ಮಾತ್ರ ದಿನವೂ ಒಂದೇ ಕೇಳುತ್ತಿದ್ದರು: ಮುದುಕ ಕೊಡುತ್ತೇನೆಂದ ಆ ತುಂಡು ಭೂಮಿ ಏನಾಯಿತು?"

ಅಳಿಯ ಆ ಮಾತನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ನನ್ನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ನಿದ್ದೆ ಬಾರದ ಆ ರಾತ್ರಿಗೆ ಕಾರಣವಾದ ಸಂಗತಿಯನ್ನು ಈಗ ಹೇಳಬೇಕು.

೧೯೭೪ರ ಆಷಾಢ. ಪಾಠಶಾಲೆಯಿಂದ ಮನೆಗೆ ಬಂದಿದ್ದೆ. ನನಗಾಗ ಹದಿನಾರು ವರ್ಷ. ಹಟ್ಟಿಯ ಬಳಿ ನಮ್ಮ ತಂದೆಯವರಿಗೆ ಹಾವು ಕಚ್ಚಿತು. ಹಳ್ಳಗಳು ತುಂಬಿ ರಸ್ತೆ ಮುಚ್ಚಿತ್ತು. ನಮ್ಮ ತೋಟದ ಮೇಸ್ತ್ರಿ ಕಂಬಳಿಯನ್ನು ಗಳಕ್ಕೆ ಕಟ್ಟಿ ಡೋಲಿ ಮಾಡಿ, ಮತ್ತೊಬ್ಬನೊಂದಿಗೆ ಎದೆಮಟ್ಟದ ನೀರಿನಲ್ಲಿ ಹಳ್ಳ ದಾಟಿ, ಆರು ಮೈಲಿ ದೂರದ ಆಸ್ಪತ್ರೆಗೆ ಮುಟ್ಟಿಸಿದ. ತಂದೆ ಬದುಕಿ ಬಂದರು. ಒಂದು ದಿನ ಜಗಲಿಯ ಮೇಲೆ ನಾನೊಬ್ಬನೇ ಇದ್ದಾಗ ಅವರು ಮೇಸ್ತ್ರಿಯನ್ನು ಕರೆದು, "ಹಳ್ಳದಾಚೆಯ ಅರ್ಧ ಎಕರೆ ಇನ್ನು ನಿನ್ನದು ಕಣೋ" ಎಂದರು. ಆತ ತಲೆಯ ವಸ್ತ್ರ ತೆಗೆದು, "ನಿಮ್ಮ ಮಾತೇ ಸಾಕು ಅಯ್ಯಾ" ಎಂದ. ಮಾತೇ ಸಾಕಾಯಿತು, ಕಾಗದವಾಗಲಿಲ್ಲ. ಆತ ಅಲ್ಲಿ ಕಾಫಿ ಗಿಡ ನೆಟ್ಟ, ಮೆಣಸು ಹಬ್ಬಿಸಿದ.

೧೯೮೯ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಪಾಲಾಯಿತು. ಓದಿದವನೆಂದು ಪಾಲುಪಟ್ಟಿಯನ್ನು ಪಂಚರ ಮುಂದೆ ಓದುವ ಕೆಲಸ ನನಗೇ ಬಂದಿತು. ಹಳ್ಳದಾಚೆಯ ಆ ಭಾಗ ಅಣ್ಣನ ಹೆಸರಿಗೆ ಬಂದಿತ್ತು. ಅಣ್ಣ ಆ ಕಾಲದಲ್ಲಿ ಊರಲ್ಲಿರಲಿಲ್ಲ, ಅವನಿಗೆ ಏನೂ ತಿಳಿಯದು. ಆ ಸರ್ವೆ ನಂಬರನ್ನು ಓದುವಾಗ ಅಂಗಳದ ಮೂಲೆಯಲ್ಲಿ ನಿಂತಿದ್ದ ಮೇಸ್ತ್ರಿ ತಲೆಯೆತ್ತಿ ನನ್ನನ್ನು ನೋಡಿದ. ನಾನು ಕಾಗದದ ಮೇಲಿಂದ ಕಣ್ಣೆತ್ತಲಿಲ್ಲ. ಪಾಲಿನ ಹೊತ್ತಿನಲ್ಲಿ ಹೊಸ ತಕರಾರು ಬೇಡ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆ "ಆಮೇಲೆ" ಮೂವತ್ತಮೂರು ವರ್ಷ ಬರಲಿಲ್ಲ. ಮೇಸ್ತ್ರಿ ಒಂದು ಮಾತನ್ನೂ ಆಡದೆ ಲೈನ್ ಮನೆಯಲ್ಲಿಯೇ ಬದುಕಿ ಸತ್ತ. ಸತ್ಯ, ನುಡಿ, ನಡೆಗಳ ಮೇಲೆ ನಾನು ನೂರಾರು ಉಪನ್ಯಾಸ ಕೊಟ್ಟಿದ್ದೇನೆ. ಅವನ್ನೆಲ್ಲ ಆ ರಾತ್ರಿ ಚಿಂಚಿನಾದ ಕಪ್ಪೆಗಳ ಕೂಗಿನ ನಡುವೆ ನಾನೇ ಕೇಳಿಸಿಕೊಂಡೆ.

ಊರಿಗೆ ಬಂದವನು ಮೊದಲು ಅಣ್ಣನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಎಂಬತ್ತರ ಸಮೀಪದ ಅಣ್ಣ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಪ್ಪಯ್ಯ ಕೊಟ್ಟ ಮಾತು ಎಂದರೆ ನಾನು ಬೇಡ ಎನ್ನುತ್ತಿದ್ದೆನೇನೋ? ಇಷ್ಟು ವರ್ಷ ಏಕೆ ಮುಚ್ಚಿಟ್ಟೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಸರ್ವೆಯವರು ಬಂದು ಅಳೆದರು, ನಕ್ಷೆಯಾಯಿತು. ೨೦೨೪ರಲ್ಲಿ, ಮಾತು ಆಡಿದ ಐವತ್ತನೆಯ ವರ್ಷದಲ್ಲಿ, ಆ ಅರ್ಧ ಎಕರೆ ಮೇಸ್ತ್ರಿಯ ಮಗಳ ಹೆಸರಿಗೆ ನೋಂದಣಿಯಾಯಿತು. ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದಾಗ ಆಕೆ ಮೆಲ್ಲನೆ, "ಅಪ್ಪ ಸಾಯೋ ಮುಂಚೆ ಹೇಳಿದ್ರು ಅಯ್ಯಾ, ದೊಡ್ಡಯ್ಯ ಕೊಟ್ಟಿದ್ದಾರೆ, ಚಿಕ್ಕಯ್ಯಂಗೆ ಗೊತ್ತು, ನೀನು ಹೋಗಿ ಕೇಳಬೇಡ ಅಂತ" ಎಂದಳು. ಆ ಮಾತಿಗಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ನನಗೆ ಕೊಡಲಾರದು.

ಆಸ್ತಿಗೆ ವಾರಸುದಾರರಾಗಲು ನಾವೆಲ್ಲ ಮುಂದೆ ನಿಲ್ಲುತ್ತೇವೆ. ಹಿರಿಯರು ಆಡಿಹೋದ ಮಾತಿಗೂ ನಾವೇ ವಾರಸುದಾರರು ಎಂಬುದನ್ನು ಯಾವ ಪಾಲುಪಟ್ಟಿಯೂ ಬರೆಯುವುದಿಲ್ಲ. ಓದುಗ ಬಂಧುಗಳಲ್ಲಿ ಹಿರಿಯರಿದ್ದರೆ, ಕೊಟ್ಟ ಮಾತನ್ನು ಬದುಕಿರುವಾಗಲೇ ಕಾಗದಕ್ಕೆ ತನ್ನಿ. ಕಿರಿಯರಿದ್ದರೆ, ಅಂತಹ ಮಾತು ಕಿವಿಗೆ ಬಿದ್ದಿದ್ದಲ್ಲಿ ನನ್ನಂತೆ ಕಣ್ಣು ತಗ್ಗಿಸಬೇಡಿ.

ಈಗ ನಮ್ಮ ಮನೆಯಲ್ಲಿ ಸಂಜೆ ಧಾರಾವಾಹಿ ಬಂದಾಗ ನಾನು ಎದ್ದು ಹೋಗುವುದಿಲ್ಲ. ಸೊಸೆ ಸೋಜಿಗದಿಂದ ನೋಡುತ್ತಾಳೆ. ಹಳ್ಳದಾಚೆಯ ಗಿಡಗಳಲ್ಲಿ ಈ ಸಲ ಹೂವು ಚೆನ್ನಾಗಿ ಕಟ್ಟಿದೆಯಂತೆ.